ತಿಪ್ಪೆಗೊಂದು ಜಾಗ

ಹುಣಸೇಪಾಳ್ಯದ ಸೇದುವ ಬಾವಿಗೂ ದೊಡ್ಡಮುನಿಯಪ್ಪನ ತಿಪ್ಪೆಗೂ ನಡುವೆ ಹೆಚ್ಚೆಂದರೆ ಒಂದು ಎತ್ತಿನ ಗಾಡಿ ತಿರುಗುವಷ್ಟು ಜಾಗವಿತ್ತು. ಬಾವಿ ಬಾವಿಯ ಪಾಡಿಗೆ, ತಿಪ್ಪೆ ತಿಪ್ಪೆಯ ಪಾಡಿಗೆ ಇದ್ದವು. ಮಳೆ ಬಂದಾಗ ಮಾತ್ರ ತಿಪ್ಪೆ ನೆಂಟಸ್ತನ ನೆನಪಿಸಿಕೊಂಡು ಬಾವಿಯನ್ನು ನೋಡಲು ಹೋಗುತ್ತಿತ್ತು. ಅದಾದ ಎರಡು ದಿನಕ್ಕೆ ಊರಿನ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ಬೇಲಿ ಕಡೆಗೆ ಓಡುತ್ತಿದ್ದವು. ಎಂಬತ್ತೊಂದನೇ ಇಸವಿಯವರೆಗೆ ಇದು ಯಾರಿಗೂ ಸಮಸ್ಯೆ ಅನ್ನಿಸಿರಲಿಲ್ಲ. ಮಳೆಗಾಲ ಅಂದರೆ ಹಾಗೇ ಅಂತ ಎಲ್ಲರೂ ತಿಳಿದಿದ್ದರು.

ಆ ವರ್ಷ ಯಲಹಂಕದ ಕಡೆಗೆ ಡಾಕ್ಟರ್ ವೀರಬಸಪ್ಪ ಎಂಬ ಹೊಸ ಆರೋಗ್ಯಾಧಿಕಾರಿ ಬಂದರು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಅದೇ ಜಾತಿಯ ಉತ್ಸಾಹ. ಡೆಲ್ಲಿಯಲ್ಲಿ ಯಾವುದೋ ತರಬೇತಿ ಮುಗಿಸಿ ನೇರ ಜೀಪು ಹತ್ತಿದ್ದರು.

"ಕಾಯಿಲೆ ಬಂದ್ಮೇಲೆ ಮಾತ್ರೆ ಕೊಡೋದು ಹಳೇ ಕಾಲ ಕಣ್ರೀ. ಊರಿನ ಆರೋಗ್ಯ ಹೇಗಿದೆ ಅಂತ ಮೊದಲು ತಿಳ್ಕೋಬೇಕು. ಆಮೇಲೆ ಊರಿನೋರೇ ಒಟ್ಟಿಗೆ ಕೂತು, ಒಮ್ಮತದಿಂದ ಯೋಜನೆ ಮಾಡ್ಬೇಕು. ನಾವು ಹೇಳೋ ಹಾಗಿಲ್ಲ, ಅವರೇ ಹೇಳ್ಬೇಕು. ಜನರ ಸಹಭಾಗಿತ್ವ!" ಎಂದು ಮೇಜು ಗುದ್ದಿದರು.

ಮೇಜಿನ ಈಚೆ ನಿಂತು ತಲೆಯಾಡಿಸಿದವನು ಹೆಲ್ತ್ ಇನ್ಸ್‌ಪೆಕ್ಟರ್ ಚನ್ನಕೇಶವ. ಅವನದು ಯಶವಂತಪುರ. ಅಲ್ಲಿ ಮನೆಯಿತ್ತು, ಮನೆಯಲ್ಲಿ ಹೆಂಡತಿಯಿದ್ದಳು, ಒಲೆಯ ಮೇಲೆ ಬಿಸಿ ಅಡುಗೆಯಿತ್ತು. ಅದನ್ನು ಉಣ್ಣಲು ಅವನೊಬ್ಬ ಇರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಬಿ.ಟಿ.ಎಸ್. ಬಸ್ಸಿಗೆ ನೇತಾಡಿ ಹೆಬ್ಬಾಳಕ್ಕೆ ಬಂದು, ಇನ್ನೊಂದಕ್ಕೆ ನೇತಾಡಿ ಯಲಹಂಕ ಸೇರಿ, ಅಲ್ಲಿಂದ ಮೂರನೆಯದಕ್ಕೆ ನೇತಾಡಿ ಪುಟ್ಟೇನಹಳ್ಳಿ ಕೆರೆ ದಾಟಿ ಹುಣಸೇಪಾಳ್ಯದಲ್ಲಿ ಇಳಿಯಬೇಕಿತ್ತು. ಈಗ ಯಶವಂತಪುರದಲ್ಲೇ ಒಂದು ಇನ್ಸ್‌ಪೆಕ್ಟರ್ ಹುದ್ದೆ ಖಾಲಿಯಾಗಿತ್ತು. ಅದರ ಆಸೆಯಿಂದ ಅವನಿಗೆ ರಾತ್ರಿ ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ.

"ಹುಣಸೇಪಾಳ್ಯದೋರು ಒಬ್ಬರೂ ತಪ್ಪದೆ ಒಂದು ಯೋಜನೆಗೆ ಒಪ್ಪಲಿ. ಅವತ್ತೇ ನಿಮ್ಮ ಟ್ರಾನ್ಸ್‌ಫರ್‌ಗೆ ರುಜು ಹಾಕ್ತೀನಿ" ಎಂದರು ಡಾಕ್ಟರು.

ಊರಿನ ಆರೋಗ್ಯ ತಿಳಿದುಕೊಳ್ಳುವ ಕೆಲಸವನ್ನು ಚನ್ನಕೇಶವ ಹೇಗೋ ಮುಗಿಸಿದ. ಯಾರನ್ನು ಕೇಳಿದರೂ, "ನಮ್ಮನೇಲಿ ಎಲ್ಲಾ ಚೆನ್ನಾಗವ್ರೆ, ಪಕ್ಕದ ಮನೇಲಿ ಕೇಳಿ" ಎನ್ನುತ್ತಿದ್ದರು. ಅವನು ಪಕ್ಕದ ಮನೆಗಳನ್ನೇ ಕೇಳುತ್ತಾ ಹೋದ. ಒಂದು ಸುತ್ತು ಮುಗಿಯುವಷ್ಟರಲ್ಲಿ ಇಡೀ ಊರಿನ ಹೊಟ್ಟೆಯ ಸಮಾಚಾರ ಬಯಲಾಗಿತ್ತು. ಬಾವಿಯ ನೀರು ಕುಡಿದವರಿಗೆಲ್ಲ ಒಂದೇ ಕಾಯಿಲೆ. ಅದಕ್ಕೆ ಕಾರಣ ತಿಪ್ಪೆ. ಅದನ್ನು ಬಾವಿಯಿಂದ ದೂರ ಸಾಗಿಸಬೇಕು. ಎಲ್ಲಿಗೆ ಅನ್ನುವುದನ್ನು ಊರಿನವರೇ ತೀರ್ಮಾನಿಸಬೇಕು. ಚನ್ನಕೇಶವ ಹಿಂದಿನ ವಾರವೇ ಹಗ್ಗ ಹಿಡಿದು ಮೂರು ಜಾಗ ಅಳೆದಿದ್ದ: ಪಟಾಲಮ್ಮನ ಮನೆ ಮುಂದಿನ ಬಯಲು, ದಸ್ತಗೀರನ ಟೀ ಹೋಟೆಲಿನ ಹಿತ್ತಿಲು, ಚಿಕ್ಕಬೈರಪ್ಪನ ಹೊಲದ ಬದಿ. ಅವನು ಮಾಡಿದ ಮೊದಲ ತಪ್ಪು ಅದೇ. ಹಳ್ಳಿಯಲ್ಲಿ ಯಾರಾದರೂ ಹಗ್ಗ ಹಿಡಿದು ಜಾಗ ಅಳೆದರೆ ಆ ಊರಿಗೆ ಆಮೇಲೆ ನಿದ್ದೆ ಬರುವುದಿಲ್ಲ.

ಶುಕ್ರವಾರ ಸಂಜೆ ಹಾಲಿನ ಸೊಸೈಟಿಯ ಜಗಲಿಯಲ್ಲಿ ಸಭೆ ಅಂತ ನಿಗದಿಯಾಯಿತು. ಅವತ್ತು ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲ ತನಕ ಬಂದು, "ಇವತ್ತು ಬರೀ ಕೈಯಲ್ಲಿ ಬರ್ಬೇಡಿ, ಟ್ರಾನ್ಸ್‌ಫರ್ ತಗೊಂಡೇ ಬನ್ನಿ" ಎಂದಳು. ಚನ್ನಕೇಶವ ಹೂಂಗುಟ್ಟಿ ಓಡಿದ.

ಮೊದಲು ತಿಪ್ಪೆಯ ಯಜಮಾನನನ್ನೇ ಹಿಡಿಯುವುದು ಜಾಣತನ ಅನ್ನಿಸಿತು. ದೊಡ್ಡಮುನಿಯಪ್ಪ ಊರಿನ ದೊಡ್ಡ ಹಿಡುವಳಿದಾರ. ಅವನ ಹೊಲ ಕೆರೆಯಾಚೆ ಇತ್ತು, ತಿಪ್ಪೆ ಮಾತ್ರ ಮನೆಯ ಮಗ್ಗುಲಲ್ಲೇ. ಮಗುವಿನ ಬೆನ್ನು ಸವರುವ ಹಾಗೆ ಅದನ್ನು ಕೋಲಿನಿಂದ ಸವರುತ್ತಾ ನಿಂತಿದ್ದ.

"ನೋಡಿ ಇನ್ಸ್‌ಪೆಕ್ಟ್ರೇ, ಇದು ನಮ್ಮ ತಾತನ ಕಾಲದ್ದು. ದೀಪಾವಳೀಲಿ ಇದರ ಮ್ಯಾಲೆ ದೀಪ ಇಟ್ಟು ಪೂಜೆ ಮಾಡ್ತೀವಿ. ಲಕ್ಷ್ಮಿ ಇದ್ದಂಗೆ. ಲಕ್ಷ್ಮೀನ ಬ್ಯಾರೆಯೋರ ಜಾಗಕ್ಕೆ ಕಳಿಸ್ತಾರಾ? ನೀವೇ ಏಳಿ."

"ಛೆ ಛೆ, ಯಾರು ಹಾಗಂದಿದ್ದು? ನಿಮ್ಮ ತಿಪ್ಪೆ ನಿಮ್ಮ ಜಾಗ ಬಿಟ್ಟು ಎಲ್ಲಿಗೂ ಹೋಗಲ್ಲ" ಎಂದ ಚನ್ನಕೇಶವ.

"ಕೆರೆಯಾಚೆ ಒಲಕ್ಕೂ ಆಗಾಕಿಲ್ಲ. ನಮ್ಮೆಂಗಸ್ರು ಸಗಣಿ ಮಂಕರಿ ತಲೆ ಮ್ಯಾಲಿಟ್ಕಂಡು ಅಷ್ಟು ದೂರ ಓಗಾಕಾಯ್ತದಾ?"

"ಅಷ್ಟು ದೂರಾನೂ ಇಲ್ಲ."

"ಮಾತು?"

"ಮಾತು!"

ದೊಡ್ಡಮುನಿಯಪ್ಪನ ಸ್ವಂತ ಜಾಗದಲ್ಲಿ, ಕೆರೆಗೆ ಈಚೆ, ಬಾವಿಗೆ ದೂರವಾಗಿ ಇರುವ ಜಾಗ ಯಾವುದು ಅಂತ ಚನ್ನಕೇಶವನಿಗೆ ಗೊತ್ತಿರಲಿಲ್ಲ. ಬೀಸುವ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು. ಅವನಿಗೆ ಬೇಕಾಗಿದ್ದದ್ದು ಸಂಜೆಯವರೆಗಿನ ಆಯಸ್ಸು ಮಾತ್ರ. ಕೈ ಮುಗಿದು ಗತ್ತಿನಿಂದ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಹಿಂದೆ ಇದ್ದದ್ದು ತಿಪ್ಪೆ. ಬಲಗಾಲು ಮೊಣಕಾಲಿನವರೆಗೆ ಹೂತುಹೋಯಿತು. ಅದನ್ನು ಎಳೆಯಲು ಹೋಗಿ ಎಡಗಾಲೂ ಹೋಯಿತು.

ಮೂರು ಜನ ಹಿಡಿದು ಮೇಲಕ್ಕೆತ್ತಿದರು. ಪ್ಯಾಂಟು ಬಾವಿಕಟ್ಟೆಯ ಪಾಲಾಯಿತು. ದೊಡ್ಡಮುನಿಯಪ್ಪ ಒಳಗಿನಿಂದ ತನ್ನ ಹಸಿರಂಚಿನ ಪಂಚೆ ತಂದು, "ಉಟ್ಕಳಿ, ಬಾಗಲೂರಿನ ಬೀಗರು ಕೊಟ್ಟಿದ್ದು" ಎಂದ. ಆ ಪಂಚೆಯ ಕತೆಯನ್ನು ಅವನು ಊರಿನಲ್ಲಿ ಯಾರಿಗೂ ಹೇಳದೆ ಬಿಟ್ಟಿರಲಿಲ್ಲ. ಹಾಗಾಗಿ ಚನ್ನಕೇಶವ ಬೀದಿಗಿಳಿದ ಕೂಡಲೇ ಪಂಚೆಯನ್ನು ಎಲ್ಲರೂ ಗುರುತು ಹಿಡಿದರು. ಅದರೊಳಗಿದ್ದವನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಪಟಾಲಮ್ಮ ಪರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗಂಡ ಸತ್ತ ಮೇಲೆ ಒಬ್ಬಳೇ ಮಗಳನ್ನು ಸಾಕಿದ ಹೆಂಗಸು. ಅವಳ ಬಾಯಿಗೆ ಹೆದರಿ ಹಾಲಿನ ಸೊಸೈಟಿಯವರು ಅವಳ ಹಾಲಿಗೆ ನೀರು ಬಿದ್ದಿದೆಯಾ ಅಂತ ಡಿಗ್ರಿಯನ್ನೂ ಸರಿಯಾಗಿ ನೋಡುತ್ತಿರಲಿಲ್ಲ.

"ಬಾರಪ್ಪ ಬಾ. ಅವರ ಪಂಚೆ ಉಟ್ಕಂಡು ನನ್ನ ಮನೆ ಮುಂದೆ ಅವರ ತಿಪ್ಪೆ ಆಕ್ಸಾಕೆ ಬಂದ್ಯಾ? ಓದ ವಾರ ಅಗ್ಗ ಇಡ್ಕಂಡು ಅಳೆದಾಗ್ಲೇ ಅಂದ್ಕಂಡೆ."

"ಅಮ್ಮಾ, ಪಂಚೆ ವಿಷಯ ಬೇರೆ..."

"ನನ್ನ ಮಗಳನ್ನ ನೋಡಾಕೆ ಗಂಡಿನೋರು ಬರೋ ಕಾಲ. ತಿಪ್ಪೆ ನೋಡ್ಕಂಡು ಅಂಗೇ ವಾಪಸ್ ಓದ್ರೆ ನೀನು ತಾಳಿ ಕಟ್ತೀಯಾ?"

ಮದುವೆಯಾಗಿ ವರ್ಷಗಳಾದ ಚನ್ನಕೇಶವ ಬೆವೆತ. "ಇಲ್ಲಮ್ಮ, ಇಲ್ಲ. ನಿಮ್ಮ ಮನೆ ಮುಂದೆ ಒಂದು ಮಂಕರಿ ಸಗಣೀನೂ ಬೀಳಲ್ಲ. ನಾನು ಮಾತು ಕೊಡ್ತೀನಿ."

ಪರಕೆ ಕೆಳಗಿಳಿಯಿತು. ಪಟಾಲಮ್ಮನ ಮುಖ ಅರಳಿತು. ಕೋಪದಲ್ಲೂ ಪ್ರೀತಿಯಲ್ಲೂ ಅವಳಿಗೆ ಮಧ್ಯದ ಮೆಟ್ಟಿಲು ಗೊತ್ತಿರಲಿಲ್ಲ. ಅವನನ್ನು ಎಳೆದು ಕೂರಿಸಿ, ಎರಡು ಮುದ್ದೆ, ಮೇಲೆ ಹುರುಳಿಕಾಳಿನ ಸಾರು ಬಡಿಸಿ, "ಮೂರ್ನೇದು ತಿನ್ನದೆ ಏಳಂಗಿಲ್ಲ" ಎಂದಳು. ಚನ್ನಕೇಶವ ಬೆಳಗಿನ ಹೊತ್ತೇ ಮೂರು ಮುದ್ದೆ ನುಂಗಿ, ತುಂಬಿದ ಗುಡಾಣದ ಹಾಗೆ ನಿಧಾನವಾಗಿ ಎದ್ದ.

ಹಳ್ಳಿಯಲ್ಲಿ ಸುದ್ದಿಗೆ ಬಸ್ಸು ಬೇಕಾಗುವುದಿಲ್ಲ. ಅವನು ಬಸ್ ಸ್ಟಾಪಿನ ಹೋಟೆಲಿಗೆ ಬರುವ ಮೊದಲೇ ಪಟಾಲಮ್ಮನಿಗೆ ಕೊಟ್ಟ ಮಾತು ಅಲ್ಲಿಗೆ ತಲುಪಿ, ಎರಡು ಸಲ ಟೀ ಕುಡಿದಾಗಿತ್ತು. ದಸ್ತಗೀರ್ ಗಲ್ಲಾದಿಂದ ಎದ್ದು ಬಂದ. ಮರ್ಯಾದಸ್ಥ ಮನುಷ್ಯ, ದನಿ ಎತ್ತುವವನಲ್ಲ.

"ಬನ್ನಿ ಸಾಬ್, ಕೂತ್ಕೊಳ್ಳಿ. ಒಂದು ಲೆಕ್ಕ ಕೇಳ್ತೀನಿ. ಪಟಾಲಮ್ಮೋರ ಮನೆ ಮುಂದೆ ಬರಲ್ಲ ಅಂದ್ರಂತೆ. ಹಾಗಾದ್ರೆ ನಮ್ಮ ಹೋಟ್ಲು ಹಿಂದೇನೇ ತಾನೇ?"

"ಹಾಗೇನಿಲ್ಲ ದಸ್ತಗೀರ್ ಅವರೇ..."

"ತಿಪ್ಪೆ ಬಂದ್ರೆ ನೊಣ ಬರ್ತದೆ. ನೊಣ ನಮ್ಮ ಬನ್ ಮೇಲೆ ಕೂರ್ತದೆ. ಆಗ ನೀವೇ ಬಂದು, ಹೆಲ್ತ್ ಇನ್ಸ್‌ಪೆಕ್ಟ್ರು ಅಂತ ನನಗೆ ದಂಡ ಹಾಕ್ತೀರ. ಇದೆಂಥಾ ನ್ಯಾಯ ಸಾಬ್?"

ಲೆಕ್ಕ ಸರಿಯಾಗಿಯೇ ಇತ್ತು, ಚನ್ನಕೇಶವ ದಂಡ ಖಂಡಿತ ಹಾಕುತ್ತಿದ್ದ. ಒಳಗಿನಿಂದ ದಸ್ತಗೀರನ ಹೆಂಡತಿ ಸಬೀರಾ ಕೂಗಿದಳು: "ಕೇಳ್ಕೊಂಡು ಸುಮ್ನೆ ಕೂರ್ಬೇಡ್ರೀ! ಇಲ್ಲೇ, ಈಗ್ಲೇ ಮಾತು ತಗೊಳ್ಳಿ!"

"ನಿಮ್ಮ ಹೋಟ್ಲು ಹಿಂದೆ ತಿಪ್ಪೆ ಬರಲ್ಲ. ಬರಲ್ಲ ಅಂದ್ರೆ ಬರಲ್ಲ!" ಎಂದು ಚನ್ನಕೇಶವ ಎರಡೂ ಕೈ ಮೇಲೆತ್ತಿದ. ಒಂದು ಕೈಯಲ್ಲಿ ಆಗ ತಾನೇ ಕೊಟ್ಟ ಬಿಸಿ ಟೀ ಇತ್ತು. ಅದು ಮೇಲೆ ಹೋದಷ್ಟೇ ಬೇಗ ಕೆಳಗೆ ಬಂದು, ಬಾಗಲೂರಿನ ಬೀಗರ ಪಂಚೆಯನ್ನು ಸೊಂಟದಿಂದ ಅಂಚಿನವರೆಗೆ ತೋಯಿಸಿತು. ಅವನು ಬೆಂಚಿನ ಮೇಲೆ ಕುಣಿದದ್ದನ್ನು ನೋಡಿ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟುಕೊಂಡರು.

ಸಬೀರಾ ಪಾಪ ಅಂದುಕೊಂಡು ಗಂಡನ ಒಗೆದ ಲುಂಗಿ ಕಳಿಸಿದಳು. ನೀಲಿ ಚೌಕಳಿಯ ಲುಂಗಿ. ಮೇಲೆ ಸರ್ಕಾರಿ ಅಂಗಿ, ಜೇಬಿನಲ್ಲಿ ಪೆನ್ನು. ಚನ್ನಕೇಶವ ಹಿತ್ತಿಲ ದಾರಿಯಿಂದ ಹೊರಬಿದ್ದು ಕೆರೆ ಕಡೆಗೆ ನಡೆದ.

ಕೆರೆಯಂಗಳದಲ್ಲಿ ಚಿಕ್ಕಬೈರಪ್ಪ ಎಮ್ಮೆ ತೊಳೆಯುತ್ತಿದ್ದ. ದೊಡ್ಡಮುನಿಯಪ್ಪನಿಗೆ ದಾಯಾದಿ ತಮ್ಮ. ಬದುವಿನ ಜಗಳದಿಂದ ಅಣ್ಣ ತಮ್ಮ ಮಾತು ಬಿಟ್ಟಿದ್ದರು, ಬಿಟ್ಟಿದ್ದು ಯಾವಾಗ ಅನ್ನುವುದೂ ಇಬ್ಬರಿಗೂ ಮರೆತುಹೋಗಿತ್ತು. ಅವನು ಚನ್ನಕೇಶವನನ್ನು ಕೆಳಗಿಂದ ಮೇಲಕ್ಕೆ ನೋಡಿದ.

"ಬೆಳಿಗ್ಗೆ ನಮ್ಮಣ್ಣನ ಪಂಚೆ, ಈಗ ಓಟ್ಲೋರ ಲುಂಗಿ. ಎಲ್ರೂ ನಿಮ್ಮ ಕಡೆ ಆದ್ರು ಅಂತಾಯ್ತು. ಉಳಿದೋನು ನಾನೊಬ್ನೇ. ಅಂದ್ರೆ ನಮ್ಮಣ್ಣನ ತಿಪ್ಪೆ ನನ್ನ ಒಲಕ್ಕೆ ಬರ್ತದೆ."

"ಗೊಬ್ಬರ ತಾನೇ, ಹೊಲಕ್ಕೆ ಒಳ್ಳೇದಲ್ವಾ?" ಎಂದು ಚನ್ನಕೇಶವ ಒಂದು ಪ್ರಯತ್ನ ಮಾಡಿ ನೋಡಿದ.

"ನಮ್ಮಣ್ಣನ ಗೊಬ್ಬರ ಆಕಿ ಬೆಳೆದ ರಾಗಿ ನನ್ನ ಗಂಟ್ಲಲ್ಲಿ ಇಳಿಯಾಕಿಲ್ಲ ಸ್ವಾಮಿ. ಇವತ್ತು ತಿಪ್ಪೆ ಇಡ್ತಾನೆ, ನಾಳೆ ಒಲ ನಂದೇ ಅಂತಾನೆ. ನಾನು ಒಪ್ಪಾಕಿಲ್ಲ. ಆಣೆ ಇಟ್ಟು ಏಳಿ, ಬರಾಕಿಲ್ಲ ಅಂತ."

ತನಗೆ ಅತ್ಯಂತ ಪ್ರಿಯವಾದದ್ದರ ಮೇಲೆ ಆಣೆ ಇಡಬೇಕು ಅನ್ನುವುದು ವಾಡಿಕೆ. 'ನನ್ನ ಟ್ರಾನ್ಸ್‌ಫರ್ ಆಣೆ' ಎಂದು ತುಟಿಗೆ ಬಂದಿದ್ದನ್ನು ನುಂಗಿಕೊಂಡು, ಚನ್ನಕೇಶವ ಮಾರಮ್ಮನ ಮೇಲೆ ಆಣೆ ಇಟ್ಟ. ಎಮ್ಮೆ ಬಾಲ ಬೀಸಿ ಅಂಗಿಯ ಮೇಲೂ ಕೆರೆಯ ಕೆಸರು ಹಾಕಿತು.

ಈಗ ಅಳೆದ ಜಾಗ ಮೂರೂ ಮುಗಿದಿದ್ದವು. ಇದ್ದ ಜಾಗದಲ್ಲೂ ತಿಪ್ಪೆ ಇರುವಂತಿರಲಿಲ್ಲ. ಆದರೂ ಚನ್ನಕೇಶವನಿಗೆ ಒಳಗೊಳಗೇ ಒಂದು ಸಮಾಧಾನ. ತಿಪ್ಪೆ ಸಾಗಿಸುವುದೇ ಬೇಡ ಅನ್ನುವವರು ಊರಿನಲ್ಲಿ ಒಬ್ಬರೂ ಇರಲಿಲ್ಲವಲ್ಲ! ಡಾಕ್ಟರು ಕೇಳಿದ್ದು ಒಮ್ಮತ. ಜಾಗವನ್ನು ಮುಂದೆ ಬರುವ ಇನ್ಸ್‌ಪೆಕ್ಟರ್ ನೋಡಿಕೊಳ್ಳಲಿ. ತಾನು ಅಷ್ಟರಲ್ಲಿ ಯಶವಂತಪುರದ ಮನೆಯಲ್ಲಿ ಬಿಸಿ ಅನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಿರುತ್ತೇನೆ. ಈ ಯೋಚನೆ ಬಂದದ್ದೇ ಮೂರು ಮುದ್ದೆಯ ಭಾರವೂ ಹಗುರವಾಯಿತು.

ಸಂಜೆ ಜೀಪು ಬಂತು. ಡಾಕ್ಟರ್ ವೀರಬಸಪ್ಪ ಇಳಿದವರೇ ತಮ್ಮ ಇನ್ಸ್‌ಪೆಕ್ಟರನ್ನು ಹುಡುಕಿದರು. ಲುಂಗಿಯೊಂದು ಓಡಿ ಬಂದು ನಮಸ್ಕಾರ ಮಾಡಿತು.

"ಏನ್ರೀ ಚನ್ನಕೇಶವ, ಇದೇನು ವೇಷ?"

"ಜನರ ಸಹಭಾಗಿತ್ವ ಸಾರ್."

ಡಾಕ್ಟರಿಗೆ ಕಣ್ಣು ತುಂಬಿಬಂತು. ಡೆಲ್ಲಿಯಲ್ಲಿ ಹೇಳಿಕೊಟ್ಟದ್ದು ಇಷ್ಟು ಬೇಗ ಫಲ ಕೊಡುತ್ತದೆ ಅಂತ ಅವರು ಎಣಿಸಿರಲಿಲ್ಲ.

ಜಗಲಿಯ ಮೇಲೆ, ಕೆಳಗೆ, ಹಾಲಿನ ಕ್ಯಾನುಗಳ ಮೇಲೆ ಎಲ್ಲ ಜನ ಕೂತಿದ್ದರು. ಡಾಕ್ಟರು ಮಕ್ಕಳ ಹೊಟ್ಟೆಯ ವಿಷಯ ವಿವರಿಸಿದರು. ಹೆಂಗಸರು ತಲೆಯಾಡಿಸಿದರು. ಕೊನೆಗೆ, "ತಿಪ್ಪೆ ಬಾವಿ ಹತ್ರದಿಂದ ಹೋಗ್ಬೇಕು. ಒಪ್ಪೋರು ಕೈ ಎತ್ತಿ" ಎಂದರು.

ಇಡೀ ಊರೇ ಕೈ ಎತ್ತಿತು. ದೊಡ್ಡಮುನಿಯಪ್ಪ ಎಲ್ಲರಿಗಿಂತ ಮೇಲೆ ಎತ್ತಿದ. ಅವನು ಎತ್ತಿದ್ದು ನೋಡಿಯೂ ಚಿಕ್ಕಬೈರಪ್ಪ ಇಳಿಸಲಿಲ್ಲ. ಡಾಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು.

"ಭೇಷ್! ಹಾಗಾದ್ರೆ ಎಲ್ಲಿಗೆ ಸಾಗಿಸೋಣ?"

"ನನ್ನ ಜಾಗ ಬಿಟ್ಟು ಓಗಾಕಿಲ್ಲ, ಕೆರೆಯಾಚೆಗೂ ಅಲ್ಲ. ಇನ್ಸ್‌ಪೆಕ್ಟ್ರು ಮಾತು ಕೊಟ್ಟವ್ರೆ" ಎಂದ ದೊಡ್ಡಮುನಿಯಪ್ಪ.

"ನಮ್ಮನೆ ಮುಂದೆ ಅಲ್ಲ. ನಂಗೂ ಮಾತು ಕೊಟ್ಟವ್ರೆ" ಎಂದಳು ಪಟಾಲಮ್ಮ.

"ನಮ್ಮ ಹೋಟ್ಲು ಹಿಂದೇನೂ ಅಲ್ಲ ಸಾಬ್. ನಮಗೂ ಮಾತಾಗಿದೆ" ಎಂದ ದಸ್ತಗೀರ್.

"ನಂಗೆ ಬರೀ ಮಾತಲ್ಲ, ಮಾರಮ್ಮನ ಆಣೆ!" ಎಂದ ಚಿಕ್ಕಬೈರಪ್ಪ.

ಎಲ್ಲರ ತಲೆಯೂ ನಿಧಾನವಾಗಿ ಲುಂಗಿಯ ಕಡೆಗೆ ತಿರುಗಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಚನ್ನಕೇಶವನ ಮಾತುಗಳು ಎಲ್ಲಿಗೂ ಹೋಗಿರಲಿಲ್ಲ, ಸಾಲಾಗಿ ಬಂದು ಎದುರಿಗೆ ಕೂತಿದ್ದವು. ಅವನು ಗೋಡೆಗೆ ಇನ್ನಷ್ಟು ಒತ್ತಿಕೊಂಡ.

ಡಾಕ್ಟರು ಮಾತ್ರ ಖುಷಿಯಲ್ಲೇ ಇದ್ದರು. "ಇರಲಿ, ಇರಲಿ. ಎಲ್ಲರನ್ನೂ ಒಪ್ಪಿಸಿದ್ದಾರಲ್ಲ, ಅದೇ ದೊಡ್ಡದು. ಒಂದನೇ ತಾರೀಖಿಂದ ಇವರಿಗೆ ಯಶವಂತಪುರಕ್ಕೆ ಟ್ರಾನ್ಸ್‌ಫರ್ ಕೊಡ್ತಿದೀನಿ. ಜಾಗದ ವಿಷಯ ಹೊಸಬರು ಬಂದು ನೋಡ್ತಾರೆ" ಎಂದು ಪೆನ್ನು ತೆಗೆದರು.

"ಏನಂದ್ರಿ? ಓಗ್ತಾರಾ?" ಪಟಾಲಮ್ಮ ಎದ್ದು ನಿಂತಳು. "ನನ್ನ ಮೂರು ಮುದ್ದೆ ತಿಂದು ಮಾತು ಕೊಟ್ಟೋರು ಓದ್ರೆ, ಆ ಮಾತು ಯಾರು ನಡೆಸೋದು?"

"ಹೊಸಬರಿಗೆ ನಮ್ಮ ಮಾತು ಹೇಗೆ ಗೊತ್ತಾಗ್ಬೇಕು ಸಾಬ್? ಅವರು ಬಂದು ಮತ್ತೆ ಹಗ್ಗ ಹಿಡೀತಾರೆ" ಎಂದ ದಸ್ತಗೀರ್.

"ಇವ್ರು ಇಲ್ಲೇ ಇರ್ಬೇಕು" ಎಂದ ದೊಡ್ಡಮುನಿಯಪ್ಪ. "ಓಡಾಡೋ ಕಷ್ಟ ಅಂದ್ರೆ ಊರ ಕೊನೇಲಿ ನಂದೊಂದು ಮನೆ ಖಾಲಿ ಬಿದ್ದೈತೆ. ಎಂಚಿನ ಮನೆ, ಎರಡು ಕೋಣೆ. ಬಾಡಿಗೆ ಬ್ಯಾಡ. ಸಂಸಾರ ತಂದು ಇರ್ಲಿ."

"ಟೀ ನಮ್ಮ ಕಡೆಯಿಂದ" ಎಂದ ದಸ್ತಗೀರ್.

"ಆಲು ನಂದು" ಎಂದಳು ಪಟಾಲಮ್ಮ.

ಜನ ಚಪ್ಪಾಳೆ ತಟ್ಟಿದರು. ಚನ್ನಕೇಶವ ಬೇಡ ಅನ್ನುವ ಹಾಗೆ ಎರಡೂ ಕೈ ಮುಗಿದ. ಅವನು ಕೈ ಮುಗಿದದ್ದು ಪ್ರೀತಿಯಿಂದ ಅಂತ ಊರಿನವರು ತಿಳಿದರು. ನಿಜ ಹೇಳಬೇಕೆಂದರೆ ಅದರಲ್ಲಿ ಪ್ರೀತಿಯೂ ಸ್ವಲ್ಪ ಇತ್ತು. ಇಷ್ಟು ಜನ ಒಟ್ಟಿಗೆ ಅವನನ್ನು ಇರು ಅಂದದ್ದು ಅವನ ಸರ್ವಿಸ್‌ನಲ್ಲಿ ಅದೇ ಮೊದಲು.

ಚಿಕ್ಕಬೈರಪ್ಪ ಗಡ್ಡ ಕೆರೆದುಕೊಂಡು, ಇಷ್ಟು ವರ್ಷ ಮಾತಾಡಿಸದ ಅಣ್ಣನ ಕಡೆಗೆ ತಿರುಗಿದ.

"ಅಣ್ಣ, ಆ ಮನೆ ಮುಂದಿನ ಜಾಗವೂ ನಿಂದೇ ಅಲ್ವಾ?"

"ಊಂ, ನಂದೇ."

"ಬಾವೀಗೆ ದೂರ. ಕೆರೆಗೆ ಈಚೆ. ಪಟಾಲಮ್ಮನ ಮನೆ ಮುಂದಲ್ಲ, ಓಟ್ಲು ಇಂದೆ ಅಲ್ಲ, ನನ್ನ ಒಲವೂ ಅಲ್ಲ."

ದೊಡ್ಡಮುನಿಯಪ್ಪ ಬೆರಳು ಮಡಿಸಿ ಒಂದೊಂದೇ ಮಾತನ್ನು ತಾಳೆ ನೋಡಿದ. ಎಲ್ಲವೂ ಸರಿಹೋಯಿತು. ಬೆಳಿಗ್ಗೆಯಿಂದ ಚನ್ನಕೇಶವ ಕೊಟ್ಟ ಯಾವ ಮಾತೂ ಮುರಿಯದೆ ತಿಪ್ಪೆ ಕೂರಬಹುದಾದ ಜಾಗ ಇಡೀ ಹುಣಸೇಪಾಳ್ಯದಲ್ಲಿ ಅದೊಂದೇ ಇತ್ತು. ಆ ಊರಿನಲ್ಲಿ ತಿಪ್ಪೆ ಬೇಡ ಅಂತ ಮಾತು ತೆಗೆದುಕೊಳ್ಳದವನೂ ಒಬ್ಬನೇ ಇದ್ದ.

"ನೋಡುದ್ರಾ, ಎಲ್ಲಾ ಲೆಕ್ಕ ಆಕಿಯೇ ಮಾತು ಕೊಟ್ಟವ್ರೆ ನಮ್ಮಿನ್ಸ್‌ಪೆಕ್ಟ್ರು! ಸುಳ್ಳಾಡೋ ಜನ ಅಲ್ಲ!" ಎಂದ ದೊಡ್ಡಮುನಿಯಪ್ಪ. ಮತ್ತೆ ಚಪ್ಪಾಳೆ ಬಿತ್ತು. ಅಣ್ಣ ತಮ್ಮ ಒಂದೇ ಬೀಡಿ ಹಂಚಿಕೊಂಡರು.

ಡಾಕ್ಟರು ಹೊರಗೆ ತೆಗೆದಿದ್ದ ಟ್ರಾನ್ಸ್‌ಫರ್ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದರು. "ಜನರೇ ಕೇಳ್ತಿರುವಾಗ ನಾನು ಅಡ್ಡ ಬರೋಕಾಗಲ್ಲ ಚನ್ನಕೇಶವ. ತಿಪ್ಪೆ ನಿಮ್ಮ ಕಣ್ಣೆದುರೇ ಇರುತ್ತೆ, ಉಸ್ತುವಾರಿಗೂ ಅನುಕೂಲ. ಇದನ್ನ ಇಡೀ ತಾಲೂಕಿಗೆ ಮಾದರಿ ಮಾಡೋಣ" ಎಂದು ಬೆನ್ನು ತಟ್ಟಿ ಜೀಪು ಹತ್ತಿದರು.

ಒಗೆದು ಒಣಗಿಸಿದ ಪ್ಯಾಂಟನ್ನು ದೊಡ್ಡಮುನಿಯಪ್ಪನ ಮನೆಯ ಹೆಂಗಸರು ನೀಟಾಗಿ ಮಡಿಸಿ ಕೊಟ್ಟರು. ಜೊತೆಗೆ ಒಂದು ಕುಂಬಳಕಾಯಿ. ಪಟಾಲಮ್ಮ ಅವರೆಕಾಯಿ ತಂದಳು, ಸಬೀರಾ ಒಂದು ಡಬ್ಬಿ ಖೀರು ಕಳಿಸಿದಳು. ಅವನನ್ನು ಬಸ್ಸಿಗೆ ಹತ್ತಿಸಲು ಅರ್ಧ ಊರೇ ಬಂತು. ಕಂಡಕ್ಟರ್ ಯಾರೋ ಎಂ.ಎಲ್.ಎ. ಕಡೆಯವರು ಅಂತ ತಿಳಿದು ಕೂರಲು ಸೀಟು ಮಾಡಿಕೊಟ್ಟ. ಅವನು ಆ ಬಸ್ಸಿನಲ್ಲಿ ಕೂತು ಪ್ರಯಾಣ ಮಾಡಿದ್ದು ಅದೇ ಮೊದಲು.

ಮನೆಯ ಬಾಗಿಲಲ್ಲಿ ಹೆಂಡತಿ ಕುಂಬಳಕಾಯಿ ಇಳಿಸಿಕೊಂಡಳು. "ಟ್ರಾನ್ಸ್‌ಫರ್ ಆಯ್ತೇನ್ರೀ?"

"ಒಂಥರಾ ಆಯ್ತು. ನಾನು ಈ ಕಡೆಗೆ ಬರೋದಲ್ಲ, ನೀನು ಆ ಕಡೆಗೆ ಬರೋದು. ಪುಕ್ಕಟೆ ಮನೆ ಕೊಟ್ಟಿದ್ದಾರೆ. ಹಾಲೂ ಪುಕ್ಕಟೆ. ಜನ ದೇವರಂಥೋರು."

ಗಂಡ ಮೂರು ಹೊತ್ತೂ ಮನೆಯಲ್ಲೇ ಊಟಕ್ಕೆ ಸಿಗುತ್ತಾನೆ ಅನ್ನುವುದು ಅವಳಿಗೂ ಸಣ್ಣ ವಿಷಯವಾಗಿರಲಿಲ್ಲ. ಮುಖದಲ್ಲಿ ನಗು ಬಂತು.

"ಆಗ್ಲಿ ಬಿಡಿ. ಊರ ಕೊನೆ ಅಂದ್ರೆ ಗಾಳಿ ಚೆನ್ನಾಗಿರುತ್ತೆ. ಬಾಗಿಲು ತೆಗೆದ್ರೆ ಕೆಟ್ಟ ವಾಸನೆ ಗೀಸನೆ ಏನೂ ಬರಲ್ಲ ತಾನೇ?"

"ಛೆ ಛೆ, ಬರಲ್ಲ ಕಣೇ. ನಾನು ಮಾತು ಕೊಡ್ತೀನಿ" ಎಂದ ಚನ್ನಕೇಶವ.